ಎನ್‌ಇಎಸ್ ಚಿಪ್‌ಟ್ಯೂನ್ ಸ್ಪರ್ಧೆಯಲ್ಲಿ ರಿವರ್ಬ್ ಅಥವಾ ಹೆಚ್ಚುವರಿ ಚಿಪ್ ಬಳಸುವುದು ಮೋಸವೇ?

ಗೆಳೆಯರೊಂದಿಗೆ ನಡೆಸಲಿರುವ ಎನ್‌ಇಎಸ್ ಚಿಪ್‌ಟ್ಯೂನ್ (ನಿಂಟೆಂಡೊದ ಹಳೆಯ ವಿಡಿಯೊ ಗೇಮ್ ಯಂತ್ರದ ಧ್ವನಿ ಚಿಪ್‌ಗೆಂದು ಬರೆದ ಸಂಗೀತ) ಸ್ಪರ್ಧೆಗೆ ನಿಯಮಗಳು ಎಷ್ಟು ಬಿಗಿಯಾಗಿರಬೇಕು, ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕಿದವರನ್ನೂ ವಿಆರ್‌ಸಿ6 ಎಂಬ ಹೆಚ್ಚುವರಿ ಧ್ವನಿ ಚಿಪ್ ಬಳಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ ಎಂದು ಕೇಳಿದ್ದೀರಿ. ತೂಗಬಾರದು. ರಿವರ್ಬ್ ಅನ್ನು ಪೂರ್ತಿ ನಿಷೇಧಿಸಿ. ಹೆಚ್ಚುವರಿ ಚಿಪ್‌ಗೆ ಪ್ರತ್ಯೇಕ ವಿಭಾಗ ಮಾಡಿ. ನಾನು ಹಲವು ವರ್ಷಗಳಿಂದ ಫ್ಯಾಮಿಟ್ರ್ಯಾಕರ್‌ನಲ್ಲಿ (ಸ್ವರಗಳನ್ನು ಸಾಲುಸಾಲಾಗಿ ಬರೆದು ಈ ಚಿಪ್‌ಗೆ ಸಂಗೀತ ಕಟ್ಟುವ ತಂತ್ರಾಂಶ, ಅಂದರೆ ಟ್ರ್ಯಾಕರ್) ಸಂಗೀತ ರಚಿಸುತ್ತಿರುವುದರಿಂದ ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ.

1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಹೆಸರಿನಲ್ಲಿ ಬಂದ ಈ ಯಂತ್ರದ ಚಿಪ್‌ನಲ್ಲಿರುವುದು 5 ಚಾನಲ್ ಮಾತ್ರ: ಎರಡು ಪಲ್ಸ್ (ಚೌಕದಲೆಯ ದನಿ), ಒಂದು ಟ್ರಯಾಂಗಲ್ (ತ್ರಿಕೋನದಲೆಯ ದನಿ), ಒಂದು ನಾಯ್ಸ್ (ಗದ್ದಲದ ದನಿ) ಮತ್ತು ಧ್ವನಿಮುದ್ರಿತ ತುಣುಕುಗಳನ್ನು ನುಡಿಸುವ ಒಂದು ಡಿಪಿಸಿಎಂ. ಪಲ್ಸ್‌ಗೆ 16 ಹಂತಗಳ ವಾಲ್ಯೂಮ್ ಇದೆ. ಟ್ರಯಾಂಗಲ್‌ಗೆ ವಾಲ್ಯೂಮ್ ನಿಯಂತ್ರಣವೇ ಇಲ್ಲ. ಅದು ನುಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ.

ಇಷ್ಟರಲ್ಲಿ ಪ್ರತಿಧ್ವನಿ ಬೇಕೆನಿಸಿದರೆ ಏನು ಮಾಡಬೇಕೆಂದು ನೋಡಿ. ಮೊದಲ ಪಲ್ಸ್‌ನಲ್ಲಿ ಬಂದ ರಾಗದ ಎಳೆಯನ್ನೇ ಎರಡನೆಯ ಪಲ್ಸ್‌ನಲ್ಲಿ ಟ್ರ್ಯಾಕರ್‌ನ ಮೂರು ನಾಲ್ಕು ಸಾಲು ತಡವಾಗಿ, ವಾಲ್ಯೂಮ್ ಅನ್ನು 15ರಿಂದ 5ಕ್ಕೋ 6ಕ್ಕೋ ಇಳಿಸಿ ಬರೆಯಬೇಕು. ಪ್ರತಿಧ್ವನಿಯೇನೋ ಬರುತ್ತದೆ, ಆದರೆ ಜೊತೆಸ್ವರಕ್ಕೆಂದು ಇಟ್ಟುಕೊಂಡಿದ್ದ ಚಾನಲ್ ಕೈತಪ್ಪುತ್ತದೆ. ಆಗ ಮೂರು ಸ್ವರಗಳ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಅನ್ನು ಒಂದೇ ಚಾನಲ್‌ನಲ್ಲಿ, ಸೆಕೆಂಡಿಗೆ 60 ಬಾರಿ ಸ್ವರ ಬದಲಿಸುತ್ತ, ಆರ್ಪೆಜಿಯೊ ಆಗಿ ನುಡಿಸಬೇಕಾಗುತ್ತದೆ. ಹೀಗೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಟ್ಟ ಸ್ಪರ್ಧಿಯ ಪಕ್ಕದಲ್ಲಿ, ಧ್ವನಿಮುದ್ರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ರಿವರ್ಬ್ ಸೇರಿಸಿದವರನ್ನು ನಿಲ್ಲಿಸುವುದು ಅನ್ಯಾಯ, ಏಕೆಂದರೆ ಅವರು ಅದೇ ಪ್ರತಿಧ್ವನಿಗೆ ಯಾವ ಬೆಲೆಯನ್ನೂ ತೆತ್ತಿಲ್ಲ. ಚಾನಲ್‌ಗಳನ್ನು ಎಡಕ್ಕೂ ಬಲಕ್ಕೂ ಹರಡಿ ಸ್ಟೀರಿಯೊ ಮಾಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಫ್ಯಾಮಿಕಾಮ್‌ನಿಂದ ಹೊರಬರುವುದು ಮೋನೊ ಧ್ವನಿ.

ನಾನು ಒಮ್ಮೆ ಒಂದು ಸಣ್ಣ ಸ್ಪರ್ಧೆಯಲ್ಲಿ ತೀರ್ಪುಗಾರನಾಗಿದ್ದೆ. ಅಲ್ಲಿ ಎಂಪಿ3 ಕಳುಹಿಸಿದರೆ ಸಾಕು ಎಂಬ ನಿಯಮವಿತ್ತು. ಒಂದು ರಚನೆಯ ತಾರಸ್ಥಾಯಿಯ ಸ್ವರಗಳು ಅನುಮಾನ ಬರುವಷ್ಟು ಶುದ್ಧವಾಗಿದ್ದವು. ಅಮೆರಿಕ ಮತ್ತು ಜಪಾನಿನ ಯಂತ್ರಗಳಲ್ಲಿ ಪಲ್ಸ್‌ನ ಆವರ್ತನವು 17,89,773 ಹರ್ಟ್ಸ್‌ನ ಗಡಿಯಾರ ಸಂಕೇತವನ್ನು ಪೂರ್ಣಾಂಕಗಳಿಂದ ಭಾಗಿಸಿ ಬರುತ್ತದೆ, ಹಾಗಾಗಿ ಮೇಲೆ ಹೋದಂತೆ ಹಂತಗಳ ನಡುವಿನ ಅಂತರ ಹಿಗ್ಗುತ್ತದೆ. 3520 ಹರ್ಟ್ಸ್‌ನ ಸ್ವರ ಬೇಕೆಂದರೆ ಚಿಪ್ ಕೊಡಬಲ್ಲದ್ದು ಸುಮಾರು 3496 ಅಥವಾ 3608. ನಡುವೆ ಏನೂ ಇಲ್ಲ. ಆ ಎಂಪಿ3ಯಲ್ಲಿ ಅಳೆದಾಗ ಸಿಕ್ಕಿದ್ದು 3520. ಅದು ಈ ಚಿಪ್‌ನ ಪಲ್ಸ್ ಆಗಿರಲು ಸಾಧ್ಯವಿರಲಿಲ್ಲ. ಆದರೆ ಸ್ಪರ್ಧಿಯನ್ನು ದೂರುವಂತಿರಲಿಲ್ಲ; ಚಿಪ್‌ನಲ್ಲೇ ನುಡಿಯಬೇಕೆಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಧ್ವನಿಮುದ್ರಣವನ್ನು ಸ್ವೀಕರಿಸಬೇಡಿ, ಟ್ರ್ಯಾಕರ್ ಫೈಲ್ ಅಥವಾ ಎನ್‌ಎಸ್‌ಎಫ್ (ಚಿಪ್ ನುಡಿಸುವ ಸೂಚನೆಗಳಿರುವ) ಫೈಲನ್ನೇ ಪಡೆಯಿರಿ.

ಇನ್ನು ವಿಆರ್‌ಸಿ6. ಇದು ಕೊನಾಮಿ ಸಂಸ್ಥೆ ಕಾರ್ಟ್ರಿಜ್‌ನೊಳಗೆ ಇಟ್ಟು ಮಾರಿದ ನಿಜವಾದ ಯಂತ್ರಾಂಶ; ಇನ್ನೂ ಎರಡು ಪಲ್ಸ್ ಮತ್ತು ಒಂದು ಗರಗಸದಲೆಯ ಚಾನಲ್ ಕೊಡುತ್ತದೆ. 1989ರಲ್ಲಿ ಜಪಾನಿನಲ್ಲಿ ಬಂದ ‘ಅಕುಮಾಜೊ ಡೆನ್ಸೆತ್ಸು’ ಆಟದಲ್ಲಿ ಅದಿತ್ತು. ಅಮೆರಿಕದ ಯಂತ್ರದಲ್ಲಿ ಕಾರ್ಟ್ರಿಜ್‌ನ ಧ್ವನಿಯನ್ನು ಒಳಗೆ ಬೆರೆಸುವ ದಾರಿ ಇರಲಿಲ್ಲವಾದ್ದರಿಂದ ಅದೇ ಸಂಗೀತವನ್ನು ಅಲ್ಲಿಗೆ 5 ಚಾನಲ್‌ಗಳಿಗೆ ಹೊಂದಿಸಿ ಮತ್ತೆ ಬರೆಯಬೇಕಾಯಿತು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ 8 ಚಾನಲ್‌ನವರನ್ನೂ 5 ಚಾನಲ್‌ನವರನ್ನೂ ಒಂದೇ ಸಾಲಿನಲ್ಲಿ ಕೂರಿಸಬಾರದೆಂದು ನಿಮಗೇ ಮನದಟ್ಟಾಗುತ್ತದೆ.

ಹೆಚ್ಚು ಜಟಿಲವಾದದ್ದು ಡಿಪಿಸಿಎಂ. ಅದರ ಒಂದು ತುಣುಕು 4081 ಬೈಟ್ ಮೀರುವಂತಿಲ್ಲ, ಅಂದರೆ ಅತ್ಯುತ್ತಮ ಗುಣಮಟ್ಟದಲ್ಲಿ ಒಂದು ಸೆಕೆಂಡಿಗೂ ತುಸು ಕಡಿಮೆ. ಆದರೆ ಇದನ್ನು ಬದಿಗಿಟ್ಟು, ಪ್ರೊಸೆಸರ್‌ನಿಂದಲೇ ಆ ಚಾನಲ್‌ನ 7 ಬಿಟ್‌ನ ರಿಜಿಸ್ಟರಿಗೆ (ಚಿಪ್‌ನೊಳಗಿನ ಪುಟ್ಟ ಸ್ಮರಣೆಗೆ) ನೇರವಾಗಿ ಅಂಕಿಗಳನ್ನು ಸುರಿಯುತ್ತ ಹೋದರೆ, ತಂತ್ರಾಂಶದಲ್ಲಿ ಬೆರೆಸಿದ ಎಷ್ಟೋ ದನಿಗಳನ್ನು ಅದರಿಂದ ಹೊರಡಿಸಬಹುದು. ಇದು ನಿಜವಾದ ಯಂತ್ರದಲ್ಲೇ ನಡೆಯುವ ಕೆಲಸ, ಅಪಾರ ಕೌಶಲವನ್ನೂ ಬೇಡುತ್ತದೆ. ಮೋಸವೆಂದು ನಾನು ಎಂದಿಗೂ ಕರೆಯಲಾರೆ. ಆದರೂ ಅಲ್ಲಿ ಪ್ರೊಸೆಸರ್‌ನ ಬಹುಪಾಲು ಸಮಯ ಸಂಗೀತಕ್ಕೇ ಮೀಸಲಾಗುವುದರಿಂದ, ಆಟದ ಜೊತೆಗೆ ನುಡಿಯುವ ಸಂಗೀತದೊಂದಿಗೆ ಅದನ್ನು ಹೋಲಿಸುವುದು ಸರಿಯಲ್ಲ. ಯಂತ್ರದೊಳಗಿನ ತಂತ್ರಗಳಿಗೆ ಯಾವ ನಿರ್ಬಂಧವೂ ಇಲ್ಲದ ಮೂರನೆಯ ವಿಭಾಗವೊಂದನ್ನು ತೆರೆದು ಇಂಥ ರಚನೆಗಳನ್ನು ಅಲ್ಲಿಗೆ ಆಹ್ವಾನಿಸಿ.

5 ಚಾನಲ್‌ಗಳ ಮೊದಲ ವಿಭಾಗದಲ್ಲಿ ಸೆಕೆಂಡಿಗೆ 60 ಬಾರಿಗಿಂತ ಹೆಚ್ಚು ಸ್ವರ, ವಾಲ್ಯೂಮ್‌ಗಳ ನವೀಕರಣ ಇರಬಾರದೆಂದು ಬರೆದಿಡಿ. ಯುರೋಪಿನ ಯಂತ್ರದ ಗತಿ 50 ಆದ್ದರಿಂದ ಯಾವ ಯಂತ್ರ ಎಂಬುದನ್ನೂ ಮೊದಲೇ ಹೇಳಿಬಿಡಿ; ಇಲ್ಲದಿದ್ದರೆ ಲಯವೂ ಶ್ರುತಿಯೂ ಬದಲಾಗುತ್ತವೆ. ಬಂದ ಫೈಲುಗಳನ್ನೆಲ್ಲ ನೀವೇ ಒಂದೇ ಪ್ಲೇಯರ್‌ನಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ ನುಡಿಸಿ ಮುದ್ರಿಸಿಕೊಳ್ಳಿ. ಫಲಿತಾಂಶ ಪ್ರಕಟಿಸಿದ ದಿನ ಆ ಫೈಲುಗಳನ್ನು ಎಲ್ಲ ಸ್ಪರ್ಧಿಗಳಿಗೂ ಹಂಚಿ, ಗೆದ್ದವರು ಎರಡನೆಯ ಪಲ್ಸ್ ಅನ್ನು ಹೇಗೆ ಬಳಸಿಕೊಂಡರು ಎಂಬುದನ್ನು ಸೋತವರು ಸಾಲುಸಾಲಾಗಿ ತೆರೆದು ನೋಡಲಿ.