ನಿರೋಧಕ ತಳಿಯ ಟೊಮೆಟೊಗೂ ಬೇರುಗಂಟು ಏಕೆ?

ಪ್ರಶ್ನೆ: ಕೋಲಾರ ಜಿಲ್ಲೆಯಲ್ಲಿ ನನ್ನದು ಅರ್ಧ ಎಕರೆ ಪಾಲಿಹೌಸ್. ಜಂತುಹುಳು ನಿರೋಧಕ ಎಂದು ಹೇಳಿದ ಹೈಬ್ರಿಡ್ ಟೊಮೆಟೊ ಚಳಿಗಾಲದಲ್ಲಿ ಚೆನ್ನಾಗಿ ಬಂತು. ಅದೇ ಬೀಜವನ್ನು ಮಾರ್ಚ್‌ನಲ್ಲಿ ನಾಟಿ ಮಾಡಿದಾಗ ಗಿಡಗಳು ಸೊರಗಿದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟುಗಳು. ಬೀಜವೇ ಕಳಪೆಯೇ? ಅದರ ಹಣ್ಣಿನಿಂದ ತೆಗೆದ ಬೀಜ ಬಿತ್ತಿದರೆ ಕೆಲವು ಗಿಡ ಕುಳ್ಳಗೆ, ಕೆಲವು ಎತ್ತರಕ್ಕೆ ಬೆಳೆಯುತ್ತಿರುವುದೇಕೆ?

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಬೀಜಕ್ಕಿಂತ ಮಣ್ಣಿನ ಬಿಸಿಯ ಮೇಲೆಯೇ ನನಗೆ ಹೆಚ್ಚು ಅನುಮಾನ. ಟೊಮೆಟೊದಲ್ಲಿ ಬೇರುಗಂಟು ಜಂತುಹುಳುವನ್ನು ತಡೆಯಲು ಸಾಮಾನ್ಯವಾಗಿ ಬಳಕೆಯಲ್ಲಿರುವುದು 'ಮಿ' ಎಂಬ ಒಂದೇ ವಂಶವಾಹಿ. ಇದು ನಮ್ಮ ಟೊಮೆಟೊದ್ದಲ್ಲ. ದಕ್ಷಿಣ ಅಮೆರಿಕದ ಸೊಲಾನಮ್ ಪೆರುವಿಯಾನಮ್ ಎಂಬ ಕಾಡು ಸಂಬಂಧಿಯಿಂದ 1940ರ ದಶಕದಲ್ಲಿ ತಂದದ್ದು. ಇವೆರಡರ ಸಂಕರದಲ್ಲಿ ಬೀಜ ಕಟ್ಟುವುದೇ ಕಷ್ಟವಾದ್ದರಿಂದ ಎಳೆಯ ಭ್ರೂಣವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಬೆಳೆಸಬೇಕಾಯಿತು.

ಈ ವಂಶವಾಹಿ ಇದ್ದರೂ ಮರಿಹುಳು ಬೇರಿನೊಳಕ್ಕೆ ನುಗ್ಗುತ್ತದೆ; ಅದನ್ನು ಈ ವಂಶವಾಹಿ ತಡೆಯುವುದಿಲ್ಲ. ಹುಳು ಒಂದೆಡೆ ನೆಲೆಯೂರಿ ಆಹಾರ ಹೀರಲು ತೊಡಗಿದಾಗ, ನಿರೋಧಕ ಗಿಡ ಆ ಸುತ್ತಲಿನ ಕೆಲವೇ ಜೀವಕೋಶಗಳನ್ನು ತಾನೇ ಸಾಯಿಸಿಬಿಡುತ್ತದೆ, ಹುಳು ಹಸಿವಿನಿಂದ ಸಾಯುತ್ತದೆ. ನಿರೋಧಕವಲ್ಲದ ಗಿಡದಲ್ಲಾದರೆ ಅದೇ ಕೋಶಗಳು ಊದಿ ದೈತ್ಯಕೋಶಗಳಾಗಿ ಹುಳುವಿಗೆ ಊಟದ ಕಣಜವಾಗುತ್ತವೆ. ನಿಮ್ಮ ಗಿಡದ ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿ: ಸಾಸಿವೆಗಿಂತ ಚಿಕ್ಕದಾಗಿ, ಮುತ್ತಿನಂತೆ ಬಿಳಿಯಾಗಿ ಕಾಣುವುದೇ ಹೆಣ್ಣುಹುಳು.

ಮಣ್ಣಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ 'ಮಿ' ವಂಶವಾಹಿ ಕೊಡುವ ರಕ್ಷಣೆ ಕುಸಿಯುತ್ತದೆ. ವಂಶವಾಹಿ ಎಲ್ಲಿಗೂ ಹೋಗಿರುವುದಿಲ್ಲ, ಕೋಶವನ್ನು ಸಾಯಿಸುವ ಪ್ರತಿಕ್ರಿಯೆ ಮಾತ್ರ ನಡೆಯುವುದಿಲ್ಲ. ಹುಳು ಒಳಹೊಕ್ಕ ಮೊದಲ ಎರಡು ಮೂರು ದಿನಗಳ ಬಿಸಿಯೇ ನಿರ್ಣಾಯಕವಾದ್ದರಿಂದ, ನಾಟಿಯ ಆಸುಪಾಸಿನ ದಿನಗಳಲ್ಲಿ ಮಣ್ಣನ್ನು ತಂಪಾಗಿಡುವುದು ಬಹಳ ಮುಖ್ಯ. ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಮಡಿಯಲ್ಲಿ ಹತ್ತು ಸೆಂಟಿಮೀಟರ್ ಆಳಕ್ಕೆ ಥರ್ಮಾಮೀಟರ್ ಇಳಿಸಿ ಅಳೆಯಿರಿ. ಕಪ್ಪು ಪ್ಲಾಸ್ಟಿಕ್ ಹೊದಿಕೆ ಇದ್ದರೆ ಬೇಸಿಗೆಯಲ್ಲಿ ಅದರ ಬದಲು ಹುಲ್ಲಿನ ಹೊದಿಕೆ ಹಾಕಿ, ಮೇಲೆ ನೆರಳು ಪರದೆ ಕಟ್ಟಿ, ಬೇವಿನ ಹಿಂಡಿ ಕೊಡಿ. ಮುಂದಿನ ಬೆಳೆಗೆ ಮೊದಲು ಚೆಂಡುಹೂ ಹಾಕುವುದೂ ಒಳ್ಳೆಯದು. ಒಂದೇ ವಂಶವಾಹಿಯನ್ನು ನಂಬಿ ವರ್ಷಗಟ್ಟಲೆ ಅದೇ ಮಡಿಯಲ್ಲಿ ಟೊಮೆಟೊ ಬೆಳೆದರೆ ಅದನ್ನು ಮೀರಿ ಬದುಕುವ ಹುಳುಗಳೂ ಹೆಚ್ಚುತ್ತವೆ. ಬಿಸಿಯಲ್ಲೂ ಕೆಲಸ ಮಾಡುವ 'ಮಿ-9' ಎಂಬ ಇನ್ನೊಂದು ವಂಶವಾಹಿ ಬೇರೊಂದು ಕಾಡು ಟೊಮೆಟೊದಲ್ಲಿ ಪತ್ತೆಯಾಗಿದೆ.

ಇನ್ನು ಕುಳ್ಳ-ಎತ್ತರದ ವಿಷಯ. ಟೊಮೆಟೊ ಗಿಡ ಗೂಟ ಕಟ್ಟಿದಷ್ಟೂ ಬೆಳೆಯುತ್ತ ಹೋಗಬೇಕೇ, ಒಂದು ಹಂತದಲ್ಲಿ ಹೂಗೊಂಚಲಿನಿಂದ ತುದಿ ಮುಗಿಸಿ ಪೊದೆಯಾಗಿ ನಿಲ್ಲಬೇಕೇ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು 'ಸೆಲ್ಫ್ ಪ್ರೂನಿಂಗ್' ಎಂಬ ವಂಶವಾಹಿ. ಪೊದೆಯ ಗುಣ ಕಾಣಿಸಬೇಕಾದರೆ ತಂದೆ-ತಾಯಿ ಎರಡೂ ಕಡೆಯಿಂದ ಅದು ಬಂದಿರಬೇಕು. ನಿಮ್ಮ ಹೈಬ್ರಿಡ್‌ನಲ್ಲಿ ಅದು ಒಂದೇ ಕಡೆಯಿಂದ ಬಂದು ಅಡಗಿದ್ದರೆ, ಅದರ ಬೀಜದಿಂದ ಹುಟ್ಟುವ ಸುಮಾರು ನಾಲ್ಕರಲ್ಲೊಂದು ಗಿಡ ಕುಳ್ಳಗಾಗುತ್ತದೆ. 'ಮಿ' ವಂಶವಾಹಿಯ ಲೆಕ್ಕ ಇದರ ತಿರುವುಮುರುವು: ಅದು ಒಂದೇ ಕಡೆಯಿಂದ ಬಂದರೂ ಸಾಕು, ಗಿಡ ನಿರೋಧಕವೇ. ಆದರೆ ಹೈಬ್ರಿಡ್‌ನಲ್ಲಿ ಅದರ ಒಂದೇ ಪ್ರತಿ ಇದ್ದರೆ ಸ್ವಂತ ಬೀಜದ ನಾಲ್ಕರಲ್ಲೊಂದು ಗಿಡಕ್ಕೆ ಅದು ಸಿಗುವುದೇ ಇಲ್ಲ, ಅಂಥ ಗಿಡಕ್ಕೆ ಚಳಿಗಾಲದಲ್ಲೂ ಗಂಟು ಬರುತ್ತದೆ. ಆದ್ದರಿಂದ ಹುಳು ಇರುವ ಆ ಮಡಿಗಳಲ್ಲಿ ಹೈಬ್ರಿಡ್‌ನ ಸ್ವಂತ ಬೀಜ ಹಾಕಬೇಡಿ.