ನೀತಿ ಶಿಕ್ಷಣದ ಹೋಂವರ್ಕ್‌ನಲ್ಲಿ ಬೇರೆ ಧರ್ಮದ ಬಗ್ಗೆ ಬರೆಸೋದು ಸರೀನಾ?

ನೀವು ಲಿಂಗಸುಗೂರಿನವರು. ಒಂಬತ್ತನೇ ತರಗತಿಯ ಮಗನಿಗೆ ‘ನಿಮ್ಮದಲ್ಲದ ಧರ್ಮದ ಒಂದು ಆಚರಣೆ ಬಗ್ಗೆ ಎರಡು ಪುಟ ಬರೆದುಕೊಂಡು ಬಾ’ ಅಂದಿದ್ದಾರೆ. ಹೀಗೆ ಬರೆಸಬಹುದಾ, ಬರೆದು ಏನುಪಯೋಗ ಅಂತ ಕೇಳಿದ್ದೀರಿ. ನಾನು ಕೊಪ್ಪಳ ಕಡೆಯ ಹೈಸ್ಕೂಲ್ ಮೇಷ್ಟ್ರು. ಸಮಾಜ ವಿಜ್ಞಾನದ ಜೊತೆ ನೀತಿ ಶಿಕ್ಷಣದ ಪಿರಿಯಡ್ಡೂ ನನ್ನ ತಲೆಗೇ ಬೀಳುತ್ತದೆ.

ಬರೆಸಬಹುದು. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅನುದಾನಿತ ಶಾಲೆ, ಮಾನ್ಯತೆ ಪಡೆದ ಖಾಸಗಿ ಶಾಲೆಗಳಲ್ಲೂ ಪೋಷಕರು ಒಪ್ಪದೆ ಮಕ್ಕಳನ್ನು ಅದಕ್ಕೆ ಕೂರಿಸುವ ಹಾಗಿಲ್ಲ. ಆದರೆ ಧರ್ಮಗಳ ಬಗ್ಗೆ ತಿಳಿಸಿಕೊಡೋದು ಬೇರೆ. ಅದಕ್ಕೆ ಅಡ್ಡಿ ಇಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಂತ್ರ ಬಾಯಿಪಾಠ ಮಾಡು, ನಮಾಜು ಮಾಡಿ ತೋರಿಸು ಅಂದಿದ್ದರೆ ನಿಮ್ಮ ಜೊತೆ ಜಗಳಕ್ಕೆ ನಾನೂ ಬರುತ್ತಿದ್ದೆ.

ಇನ್ನು ಉಪಯೋಗ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಇದಕ್ಕೆ ಒಂದಂಕವೂ ಇಲ್ಲ. ಹಾಗಾಗಿ ಮಕ್ಕಳು ಮೊಬೈಲ್ ನೋಡಿ ಇಳಿಸಿಕೊಂಡು ಬರುತ್ತಾರೆ, ಮೇಷ್ಟ್ರು ಸಹಿ ಹಾಕುತ್ತಾರೆ. ಯಾವ ನೋಟ್‌ಬುಕ್ ತೆರೆದರೂ ‘ಎಲ್ಲ ಧರ್ಮಗಳ ಸಾರ ಒಂದೇ’. ಸುಮ್ನೆ ಹಾಳೆ ದಂಡ.

ಅದಕ್ಕೇ ನಾನು ‘ಯಾರನ್ನಾದರೂ ಕೇಳಿಕೊಂಡು ಬಂದು ಬರೀರಿ’ ಅನ್ನುತ್ತೇನೆ. ಒಬ್ಬ ಹುಡುಗಿ ತಮ್ಮೂರ ಮೊಹರಂ ಬಗ್ಗೆ ಬರೆದಿದ್ದಳು. ಆಕೆ ಮುಸ್ಲಿಂ ಅಲ್ಲ. ಬೆಂಕಿ ಹಾಕುವ ಗುಂಡಿ, ಅಂದರೆ ಅಲಾಯಿ ಕುಣಿಗೆ ಮೊದಲ ಗುದ್ದಲಿ ಯಾರು ಹಾಕುತ್ತಾರೆ, ಕಟ್ಟಿಗೆ ಯಾರ ಹೊಲದಿಂದ ಬರುತ್ತದೆ, ಸಕ್ಕರೆ ಓದಿಸೋಕೆ (ಸಕ್ಕರೆ ಇಟ್ಟು ಪ್ರಾರ್ಥನೆ ಹೇಳಿಸೋಕೆ) ಯಾರ್ಯಾರ ಮನೆಯವರು ಹೋಗುತ್ತಾರೆ, ಎಲ್ಲ ಇತ್ತು. ಕೇಳುತ್ತಾ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಅವಳ ಮುತ್ಯಾ, ಅಂದರೆ ಅಜ್ಜ, ಸಣ್ಣವನಿದ್ದಾಗ ಹರಕೆಗೆ ಫಕೀರ ಆಗಿ ಕೊರಳಲ್ಲಿ ಲಾಡಿ ಅನ್ನೋ ದಾರ ಹಾಕಿಕೊಂಡಿದ್ದನಂತೆ. ‘ಹಂಗಾದ್ರ ಇದು ನಮ್ಮ ಹಬ್ಬಾನೋ, ಅವರ ಹಬ್ಬಾನೋ ಸರ್?’ ಅಂದಳು. ಅದನ್ನೂ ಬರಿ, ಪ್ರಶ್ನೆ ಹಾಗೇ ಇರಲಿ ಅಂದೆ.

ನಿಮಗಂತೂ ಮುದಗಲ್ ಪಕ್ಕದಲ್ಲೇ ಇದೆ. ಅಲ್ಲಿನ ಮೊಹರಂ ಎಷ್ಟು ಹೆಸರುವಾಸಿ ಅಂತ ನಾನು ನಿಮಗೆ ಹೇಳಬೇಕಾ! ಈಗ ಹಬ್ಬದ ಕಾಲ ಅಲ್ಲದಿದ್ದರೂ ಹೇಳೋ ಹಿರಿಯರು ಇದ್ದೇ ಇರುತ್ತಾರೆ. ನೀವು ಮುಸ್ಲಿಮರೇ ಆಗಿದ್ದರೆ, ಅಥವಾ ಹಬ್ಬ ಬೇಡ ಅನ್ನಿಸಿದರೆ, ಮಸ್ಕಿಗೆ ಕರೆದುಕೊಂಡು ಹೋಗಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದಲೇ ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅನ್ನೋ ರಾಜ ಅಂದರೆ ಅಶೋಕನೇ ಅಂತ ಖಾತ್ರಿಯಾಗಿದ್ದು. ಅದರಲ್ಲಿ ಆತ ತಾನು ಬುದ್ಧನ ಕಡೆಯವನಾಗಿ ಎರಡೂವರೆ ವರ್ಷದ ಮೇಲಾಯಿತು ಅಂತ ನೇರವಾಗಿ ಹೇಳಿಕೊಳ್ಳುತ್ತಾನೆ. ಧರ್ಮದಿಂದ ನಡೆದರೆ ಸಣ್ಣವರಿಗೂ ಫಲ ಸಿಗುತ್ತದೆ, ದೊಡ್ಡವರಿಗೆ ಮಾತ್ರ ಅಂದುಕೊಳ್ಳಬೇಡಿ ಅನ್ನುತ್ತಾನೆ. ಒಂಬತ್ತನೇ ತರಗತಿ ಹುಡುಗನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಒಂದು ಮಾತು, ಬರವಣಿಗೆಗೆ ನೀವು ಕೈ ಹಾಕಬೇಡಿ. ಅಪ್ಪ ಅಮ್ಮ ಬರೆದುಕೊಟ್ಟಿದ್ದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.