ಹಳೇ ಮಸ್ಟಾಂಗ್ ಕೊಳ್ಳಬಹುದಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಒಬ್ಬರು 1965ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್ (ಟಾಪ್ ತೆರೆಯುವ ಕಾರು) ಮಾರಾಟಕ್ಕಿಟ್ಟಿದ್ದಾರೆ. ಬಣ್ಣ ಫಳಫಳ ಅನ್ನುತ್ತಿದೆ. ಮುಂಗಡ ಕೊಡಲಾ ಸರ್?
– ಓದುಗ, ಗದಗ

ಉತ್ತರ: ಬಣ್ಣ ನೋಡಿ ದುಡ್ಡು ಕೊಡುತ್ತಾರಾ? ಮೊದಲು ಬಾನೆಟ್ ಎತ್ತಿ ಚಾಸಿ ನಂಬರ್ ಓದಿ. ಅದರ ಮೂರನೇ, ನಾಲ್ಕನೇ ಸ್ಥಾನದಲ್ಲಿ 08 ಇದ್ದರೆ ಕಾರ್ಖಾನೆಯಿಂದಲೇ ಕನ್ವರ್ಟಿಬಲ್ ಆಗಿ ಬಂದದ್ದು, 07 ಇದ್ದರೆ ಮಾಮೂಲಿ ಗಾಡಿಯ ಟಾಪ್ ಕತ್ತರಿಸಿ ನಿಮಗೆ ಟೋಪಿ ಹಾಕುತ್ತಿದ್ದಾರೆ. ಕಾರ್ಪೆಟ್ ಎತ್ತಿ ತಳದ ತಗಡನ್ನೂ ನೋಡಿ. ಟಾಪ್ ಇಲ್ಲದ ಗಾಡಿಗೆ ಬಲವೆಲ್ಲ ಅಲ್ಲೇ, ತುಕ್ಕು ತಿಂದಿದ್ದರೆ ಸುಮ್ನೆ ಕೈಬಿಡಿ.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ (ಹಳೇ ಕಾಲದ ವಾಹನ) ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಆದರೆ ದಿನಾ ಧಾರವಾಡಕ್ಕೆ ಓಡಿಸುವಂತಿಲ್ಲ, ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವಂತೆಯೂ ಇಲ್ಲ. ಆರ್‌ಸಿ, ಆಮದಿನ ಕಸ್ಟಮ್ಸ್ ಕಾಗದ ಎರಡನ್ನೂ ನೋಡಿದ ಮೇಲೆ ರೇಟಿನ ಮಾತು.